ಶಾಲೆಯ ತಡಮೆ

ಕಾಸರಗೋಡಿನ ಈ ಮೂಲೆಯಲ್ಲಿರುವ ನಮ್ಮ ಶಾಲೆಗೆ ಎರಡು ದಾರಿಗಳು. ರಸ್ತೆಗೆ ಮುಖಮಾಡಿದ ಕಬ್ಬಿಣದ ಗೇಟು ಒಂದು. ಹಿಂಬದಿಯ ಮುರಕಲ್ಲಿನ ಗೋಡೆಯನ್ನು ದಾಟುವ ತಡಮೆ ಇನ್ನೊಂದು. ಗೇಟಿನಿಂದ ಬರುವವರು ಅಧಿಕಾರಿಗಳು ಮತ್ತು ನಾವು, ಮಕ್ಕಳೆಲ್ಲ ತಡಮೆಯಿಂದಲೇ.

2018ರ ಬೇಸಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಶಾಲೆಯ ಹಿಂದಿನ ರಸ್ತೆಯಲ್ಲಿ ಅವನದೊಂದು ವಸತಿಯುಳ್ಳ ಹೋಟೆಲು. 2014ರಲ್ಲಿ ಕೇರಳ ಸರ್ಕಾರವು ಬಾರುಗಳನ್ನು ಪಂಚತಾರಾ ಹೋಟೆಲುಗಳಿಗಷ್ಟೇ ಮೀಸಲಿರಿಸಿದುದನ್ನೂ, 2017ರ ಜುಲೈಯಿಂದ ಆ ಕಟ್ಟನ್ನು ಸಡಿಲಿಸಿದುದನ್ನೂ ವಾಚಕರು ಬಲ್ಲರು. ಮೂರು ತಾರೆಯವರಿಗೆ ಬಾರು, ಎರಡು ತಾರೆಯವರಿಗೆ ಬಿಯರು ಮತ್ತು ವೈನು. ಇವನು ಸಾಲ ಮಾಡಿ ಕೋಣೆಗಳನ್ನು ತಿದ್ದಿಸಿ ಎರಡು ತಾರೆಗಳನ್ನು ಸಂಪಾದಿಸಿದ್ದನು. ಉಳಿದುದು ಅಬಕಾರಿ ಇಲಾಖೆಯ ಲೈಸೆನ್ಸು.

ಅವನು ತಂದಿದ್ದ ನಿಯಮಾವಳಿಯನ್ನು ಓದಿದೆವು. ಅದರ ಹೆಸರು 1953ರ ವಿದೇಶಿ ಮದ್ಯ ನಿಯಮಗಳು. (ಈ ನೆಲದಲ್ಲಿಯೇ ತಯಾರಾದ ಬಿಯರೂ ಕಾನೂನಿನ ಕಣ್ಣಿಗೆ ವಿದೇಶಿಯೇ ಎಂಬುದು ಅಂದು ನಮಗೆ ತಿಳಿಯಿತು!) ಶಾಲೆ, ದೇವಾಲಯ, ಇಗರ್ಜಿ, ಮಸೀದಿ, ಸ್ಮಶಾನಗಳಿಂದ ಅಂಥ ಹೋಟೆಲು 200 ಮೀಟರ್ ದೂರವಿರಬೇಕು. ನಾಲ್ಕು, ಐದು ತಾರೆಯವರಿಗೆ ಮಾತ್ರ 50 ಮೀಟರ್ ಸಾಕಾಗಿತ್ತು. ಶ್ರೀಮಂತರ ಅಮಲು ಹೆಚ್ಚು ದೂರ ನಡೆಯಲಾರದೆಂದು ಭಾವಿಸಿದ್ದರೋ ಏನೋ. ಅಳೆಯುವ ಕ್ರಮವೂ ಉಂಟು: ಗೇಟಿನಿಂದ ಗೇಟಿಗೆ, ಜನರು ಸಾಮಾನ್ಯವಾಗಿ ನಡೆಯುವ ಅತಿ ಹತ್ತಿರದ ಹಾದಿಯಲ್ಲಿ.

ಕಬ್ಬಿಣದ ಗೇಟಿನಿಂದ ಅಳೆದರೆ ಅವನಿಗೆ ಲೈಸೆನ್ಸು ಸಿಕ್ಕಂತೆಯೇ. ತಡಮೆಯಿಂದ ಅಳೆದರೆ ಇಲ್ಲ.

"ಮಾಷ್ಟ್ರೇ, ತಡಮೆಯನ್ನು ನಾನೇ ಕಲ್ಲು ಕಟ್ಟಿಸಿ ಮುಚ್ಚಿಕೊಡುತ್ತೇನೆ. ಮಕ್ಕಳು ಸ್ವಲ್ಪ ಸುತ್ತಿ ಬರಲಿ" ಎಂದನು. ಆ ಸುತ್ತೆಂದರೆ ಲಾರಿಗಳು ಓಡುವ ರಸ್ತೆ. ಆದರೆ ಅವನ ಹೆಣ್ಣುಮಕ್ಕಳಿಬ್ಬರೂ ನಮ್ಮಲ್ಲಿಯೇ ಕಲಿಯುತ್ತಿದ್ದರು. ಆ ವರ್ಷ ಒಂದನೆಯ ತರಗತಿಗೆ ಸೇರಿದವರು ಏಳೇ ಮಂದಿ. ಕನ್ನಡ ಶಾಲೆಯ ಮುಖ್ಯೋಪಾಧ್ಯಾಯನಿಗೆ ಎರಡು ಹೆಸರುಗಳ ಬೆಲೆ ಏನೆಂಬುದನ್ನು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ತಡಮೆಯು ಗೇಟಲ್ಲವೆಂದು ವಾದಿಸಬಹುದು, ನಿಘಂಟೂ ನಮ್ಮ ಪಕ್ಷದಲ್ಲಿಯೇ ನಿಂತೀತು ಎಂದು ಯೋಚಿಸಿದ್ದುಂಟು. ಮೀಟರಿನ ಪಾಠವನ್ನು ಅಂಗಳದಲ್ಲಿ ಅಳೆಯಿಸಿಯೇ ಕಲಿಸಬೇಕೆಂದು ತರಬೇತಿ ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಹಾಗೆ ಅಳೆಯಿಸುವಾಗ ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಓಡಿ ಬರುತ್ತಿದ್ದವನು ಇವನೇ.

ಅಬಕಾರಿಯ ಅಧಿಕಾರಿಯು ಬಂದು ಕಬ್ಬಿಣದ ಗೇಟಿನ ಬಳಿ ಟೇಪನ್ನು ಬಿಚ್ಚಿದನು. ಮಕ್ಕಳು ಬರುವುದು ಇದರಲ್ಲಿಯೇ ತಾನೆ ಎಂದು ಮಲಯಾಳದಲ್ಲಿ ಕೇಳಿದನು. ಅವನನ್ನು ಹಿಂಬದಿಗೆ ಕರೆದೊಯ್ದು ಸವೆದ ಮೆಟ್ಟಿಲುಗಳನ್ನು ತೋರಿಸಿದೆವು. ಅಳತೆಯು 170 ಮೀಟರ್ ಬಂದಿತು. ಹಳೆಯ ವಿದ್ಯಾರ್ಥಿಯು ಮಾತನಾಡದೆ ಟೇಪನ್ನು ಸುತ್ತಲು ನೆರವಾದನು.

ಆ ಜೂನ್‌ನಲ್ಲಿ ಅವನ ಮಕ್ಕಳಿಬ್ಬರೂ ಪೇಟೆಯ ಇಂಗ್ಲಿಷು ಶಾಲೆಯ ಬಸ್ಸನ್ನೇರಿದರು. ಅವನ ಹೋಟೆಲಿನಲ್ಲಿ ಇಂದಿಗೂ ನಮ್ಮಿಂದ ಚಹಾದ ಹಣವನ್ನು ತೆಗೆದುಕೊಳ್ಳುವುದಿಲ್ಲ. ಎದುರಿಗೆ ಕುಳಿತು ಮಾತನಾಡುವುದೂ ಇಲ್ಲ.