ಮಳೆಗೆ ಹೆದರೋ ರೇಸು

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಮೊನ್ನೆ ಊರಿಗೆ ಫೋನ್ ಮಾಡಿದಾಗ ಅಪ್ಪ ಪಕ್ಕದಲ್ಲಿದ್ದ ಯಾರಿಗೋ ಹೇಳ್ತಾ ಇದ್ದದ್ದು ಕೇಳಿಸ್ತು. "ನನ್ ಮಗ ರೇಸ್ ಓಡ್ಸಿದ್ದ ಕಣಯ್ಯಾ. ಆದ್ರೆ ಅದು ಮಳೆಗೆ ಹೆದ್ರೋ ರೇಸು!" ಇಷ್ಟು ವರ್ಷ ಆದ್ರೂ ಅಪ್ಪ ಆ ಜೋಕು ಬಿಟ್ಟಿಲ್ಲ. ಸರಿ, ಆ ಕಥೆ ಬರೆದೇ ಬಿಡೋಣ ಅನ್ನಿಸ್ತು.

2009ರ ಮಾತು. ನಾನಾಗ ನ್ಯೂಜೆರ್ಸಿಯಲ್ಲಿದ್ದೆ. ಕಾರು ಹುಚ್ಚಿನ ನಲವತ್ತು ಜನ ಸೇರಿ, ತಲಾ ಇಷ್ಟು ಅಂತ ದುಡ್ಡು ಹಾಕಿ, ಇಂಗ್ಲಿಷ್‌ಟೌನ್‌ನ ಡ್ರ್ಯಾಗ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದೆವು. ದುಡ್ಡು ಸೇರಿಸೋದು, ಪಟ್ಟಿ ಮಾಡೋದು ಎಲ್ಲ ನನ್ನ ತಲೆ ಮೇಲೆ. ಡ್ರ್ಯಾಗ್ ರೇಸ್ ಅಂದ್ರೆ ಇಷ್ಟೇ ನೋಡಿ: ಎರಡು ಕಾರು, ನೇರ ರಸ್ತೆ, ಕಾಲು ಮೈಲಿ, ಅಂದ್ರೆ 402 ಮೀಟರ್. ಮಧ್ಯೆ ಒಂದು ದೀಪದ ಕಂಬ. ಹಳದಿ ದೀಪಗಳು ಒಂದೊಂದಾಗಿ ಹತ್ತಿ ಹಸಿರು ಬಂದರೆ ಹೊರಡಬೇಕು. ತಿರುವಿಲ್ಲ, ಸುತ್ತಿಲ್ಲ. ಕಣ್ಣು ಮಿಟುಕಿಸೋದ್ರಲ್ಲಿ ಮುಗಿದುಹೋಗುತ್ತೆ.

ಆಗ ಅಪ್ಪ ಮೊದಲನೇ ಸಲ (ಕೊನೇ ಸಲವೂ ಹೌದು) ಅಮೆರಿಕಕ್ಕೆ ಬಂದಿದ್ದರು. ಇಪ್ಪತ್ತೆರಡು ವರ್ಷ ಹಾಸನ ಮಂಗಳೂರು ಮಧ್ಯೆ ಲಾರಿ ಓಡಿಸಿದವರು. ಹೋಗ್ತಾ ಆಲೂಗಡ್ಡೆ, ಬರ್ತಾ ಹೆಂಚು. ನನ್ನ ಹಳೇ ಸಿವಿಕ್ ಕಾರಿನ ಬಾನೆಟ್ ಎತ್ತಿ, "ಇದರಲ್ಲಿ ಏನ್ಲಾ ರೇಸು?" ಅಂತ ನಕ್ಕರೂ, ನೋಡೋಕೆ ಬರ್ತೀನಿ ಅಂತ ನನಗಿಂತ ಮೊದಲೇ ತಯಾರಾಗಿದ್ದರು. ಅವರ ಮುಂದೆ ಒಂದು ಸಲ ಗಾಡಿ ಓಡಿಸಿ ತೋರಿಸಬೇಕು ಅನ್ನೋ ಆಸೆ ನನಗೆ ಎಷ್ಟಿತ್ತು ಅಂತ ಆಗ ಯಾರಿಗೂ ಹೇಳಿರಲಿಲ್ಲ.

ಸೆಪ್ಟೆಂಬರಿನ ಆ ಭಾನುವಾರ ನಾವು ಟ್ರ್ಯಾಕ್ ತಲುಪೋ ಹೊತ್ತಿಗೆ ಸಣ್ಣಗೆ ಹನಿ ಶುರುವಾಯ್ತು. ನಮ್ಮೂರ ಲೆಕ್ಕದಲ್ಲಿ ಅದು ಮಳೆಯೇ ಅಲ್ಲ, ತುಂತುರು. ಆದರೂ ಎಲ್ಲ ನಿಂತುಹೋಯ್ತು. "ಶಿರಾಡಿ ಘಾಟಿನಲ್ಲಿ ಜುಲೈ ತಿಂಗಳು ವೈಪರ್ ಕೆಟ್ಟ ಲಾರಿ ಓಡ್ಸಿದೀನಿ. ಇಷ್ಟಕ್ಕೆ ಗಾಡಿ ನಿಲ್ಸೋದಾ?" ಅಂತ ಅಪ್ಪ.

ನಾನು ಅವರನ್ನು ಸ್ಟಾರ್ಟಿಂಗ್ ಲೈನ್ ಹತ್ತಿರ ಕರ್ಕೊಂಡು ಹೋದೆ. ಟೈರು ಜಾರದಿರಲಿ ಅಂತ ಅಲ್ಲಿ ಅಂಟು ಸಿಂಪಡಿಸಿ, ಅದರ ಮೇಲೆ ರಬ್ಬರ್ ಕೂರಿಸಿರುತ್ತಾರೆ. ಹನಿ ಬೀಳದ ಕಡೆ ಅಪ್ಪ ಕಾಲಿಟ್ಟರೆ ಚಪ್ಪಲಿ ಅಲ್ಲೇ ಕಚ್ಚಿಕೊಳ್ತು! ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮುಟ್ಟಿ ನೋಡಿದರು. ಪಕ್ಕದಲ್ಲಿ ನಿಂತಿದ್ದ ದೊಡ್ಡ ಕಾರಿನ ಹಿಂದಿನ ಟೈರನ್ನೂ ಮುಟ್ಟಿದರು. ಅದರಲ್ಲಿ ಒಂದು ಗೆರೆಯೂ ಇಲ್ಲ, ಬೋಳು. "ನೀರು ಹೋಗೋಕೆ ಜಾಗನೇ ಇಲ್ವಲ್ಲೋ" ಅಂದರು. ಅಷ್ಟೇ ಸಾಕಿತ್ತು ಅವರಿಗೆ. ಒದ್ದೆಯಾದರೆ ಇಷ್ಟೂ ಹಿಡಿತ ಕ್ಷಣದಲ್ಲಿ ಮಾಯ. ಎರಡೂ ಕಡೆ ಗೋಡೆ.

ಜೆಟ್ ಎಂಜಿನ್ ಕೂರಿಸಿದ ಗಾಡಿ ತಂದು ಬಿಸಿಗಾಳಿ ಊದಿಸಿ ಟ್ರ್ಯಾಕ್ ಒಣಗಿಸಿದರು. ಒಣಗಿತು, ಮತ್ತೆ ಹನಿಯಿತು. ಮಧ್ಯಾಹ್ನ ಎರಡಕ್ಕೆ ದಿನ ರದ್ದು.

ಟ್ರ್ಯಾಕಿನವರು ಬದಲಿಗೆ ಎರಡು ದಿನ ಹೇಳಿದರು: ಸೆಪ್ಟೆಂಬರ್ 30, ಬುಧವಾರ. ಇಲ್ಲವೇ ಅಕ್ಟೋಬರ್ 11, ಭಾನುವಾರ. ಅಪ್ಪನ ವಿಮಾನ ಅಕ್ಟೋಬರ್ 3ಕ್ಕೆ.

ಎಲ್ಲರಿಗೂ ಮೇಲ್ ಕಳಿಸಿದೆ. ಬುಧವಾರಕ್ಕೆ ಆರು ಜನ, ಭಾನುವಾರಕ್ಕೆ ಮೂವತ್ತೊಂದು. ಕೆಲಸದ ದಿನ ಯಾರು ಬರ್ತಾರೆ ಹೇಳಿ? ಪೆನ್ಸಿಲ್ವೇನಿಯಾದಿಂದ ಟ್ರೇಲರಿನಲ್ಲಿ ಕಾರು ಹೇರಿಕೊಂಡು ಬರುವವರಿದ್ದರು. ಆದರೆ ಟ್ರ್ಯಾಕಿನವರ ಜೊತೆ ಮಾತಾಡಿದ್ದು ನಾನೊಬ್ಬನೇ. ಭಾನುವಾರ ಬೇರೆಯವರಿಗೆ ಹೋಯ್ತು ಅಂತ ಒಂದು ಸಾಲು ಬರೆದರೆ ಸಾಕು, ಯಾರೂ ಕೇಳೋದಿಲ್ಲ.

ಬರೆದೆ. ನಿಜ ಹೇಳ್ತೀನಿ, ಪೂರ್ತಿ ಬರೆದಿದ್ದೆ. ಕಳಿಸೋದೊಂದೇ ಬಾಕಿ. ಕಾಫಿ ಲೋಟ ಹಿಡಿದು ಬಂದ ಅಪ್ಪ, "ಏನ್ಲಾ ಅಷ್ಟೊತ್ತಿಂದ ಪರದೆ ನೋಡ್ತಾ ಕೂತಿದೀಯ?" ಅಂದರು. ಅವರಿಗೆ ಇಂಗ್ಲಿಷ್ ಬರೋದಿಲ್ಲ. ಸುಳ್ಳು ಹೇಳಬಹುದಿತ್ತು. ಯಾಕೋ ಹೇಳಿಬಿಟ್ಟೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಘಾಟಿಲಿ ಗುಡ್ಡ ಕುಸಿದ್ರೆ ಜಾಮ್ ಆಗಲ್ಲ ಕಣ್ಲಾ. ಎಲ್ರೂ ಸಾಲಾಗಿ ನಿಂತಿರ್ತಾರೆ, ಮಣ್ಣು ತೆಗೆದ್ರೆ ಹೊರಡ್ತಾರೆ. ಸಾಲು ಮುರ್ದು ಬಲಗಡೆ ನುಗ್ತಾನಲ್ಲ ಒಬ್ಬ, ಅವನಿಂದ ಆಗೋದು ಜಾಮು. ಅವ್ನಿಗೂ ಮನೇಲಿ ಏನೋ ಅರ್ಜೆಂಟ್ ಇರುತ್ತೆ, ಇಲ್ಲ ಅನ್ನಲ್ಲ."

ಇಷ್ಟು ಹೇಳಿ ಕಾಫಿ ಕುಡಿದು ಹೋಗಿ ಮಲಗಿದರು. ನಾನು ಮೇಲ್ ಅಳಿಸಿ ಭಾನುವಾರ ಅಂತ ಬರೆದು ಕಳಿಸಿದೆ.

ನನ್ನ ಸಮಾಧಾನಕ್ಕೆ ಒಂದು ವಿಷಯ ಸಿಕ್ಕಿತು. 1955ರಲ್ಲಿ ಅಮೆರಿಕದ ಎನ್‌ಎಚ್‌ಆರ್‌ಎ ಸಂಸ್ಥೆ ಕಾನ್ಸಾಸ್‌ನ ಗ್ರೇಟ್ ಬೆಂಡ್‌ನಲ್ಲಿ ತನ್ನ ಮೊಟ್ಟಮೊದಲ ರಾಷ್ಟ್ರೀಯ ಡ್ರ್ಯಾಗ್ ರೇಸ್ ಇಟ್ಟಾಗಲೂ ಮಳೆ ಬಂದು ಎಲ್ಲ ನಿಂತುಹೋಗಿತ್ತಂತೆ. ಉಳಿದದ್ದನ್ನು ನವೆಂಬರಿನಲ್ಲಿ ಓಡಿಸಿದರು, ಅದೂ ಅರಿಜೋನಾದಲ್ಲಿ! ಅಷ್ಟು ದೂರ ಮತ್ತೆ ಹೋಗಲಾಗದವರು ಎಷ್ಟು ಜನ ಇದ್ದರೋ.

ಅಕ್ಟೋಬರ್ 11 ಬಂತು. ಒಳ್ಳೇ ಬಿಸಿಲು, ತಣ್ಣನೆ ಗಾಳಿ. ನನ್ನ ಸಿವಿಕ್ 16.2 ಸೆಕೆಂಡಿಗೆ ಕಾಲು ಮೈಲಿ ಮುಗಿಸಿತು. ಪಕ್ಕದವನು ಎರಡು ಸೆಕೆಂಡ್ ಮೊದಲೇ ಹೋಗಿದ್ದ, ಅದು ಬಿಡಿ :-) ಗ್ಯಾಲರಿ ಕಡೆ ಒಂದು ಸಲ ಕಣ್ಣು ಹೋಗಿದ್ದು ಮಾತ್ರ ಹೌದು.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಸೋಮವಾರ ಬೆಳಗ್ಗೆ. ಅಪ್ಪ ಕೇಳಿದ್ದು ಒಂದೇ: "ಎಷ್ಟು ಹೊತ್ತು ತಗೊಂಡೆ?" ಹೇಳಿದೆ. "ಅಷ್ಟೊತ್ತಿಗೆ ನಾನು ಸೆಕೆಂಡ್ ಗೇರಿಗೆ ಹಾಕ್ತಿದ್ದೆ" ಅಂದರು. ನಕ್ಕರು. ಆಮೇಲೆ, "ಮಳೆ ಬರ್ಲಿಲ್ಲ ತಾನೆ?" ಅಂದರು.

ಸಮಯ ಅಚ್ಚಾಗಿ ಬಂದ ಆ ಚೀಟಿಯನ್ನು ಅಂಚೆಯಲ್ಲಿ ಕಳಿಸಿದ್ದೆ. ಈಗಲೂ ಅವರ ಹಳೇ ಲೈಸೆನ್ಸಿನ ಪ್ಲಾಸ್ಟಿಕ್ ಕವರಿನಲ್ಲಿದೆ. ಅಕ್ಷರ ಮಾಸಿ ಅಂಕಿ ಕಾಣೋದಿಲ್ಲ, ಆದರೂ ಬಂದವರಿಗೆಲ್ಲ ತೋರಿಸ್ತಾರೆ. ಆ ಟ್ರ್ಯಾಕಿನಲ್ಲಿ 2018ರಲ್ಲೇ ಡ್ರ್ಯಾಗ್ ರೇಸ್ ನಿಲ್ಲಿಸಿಬಿಟ್ಟರು. ಅಪ್ಪನನ್ನು ಇನ್ನೊಂದು ಸಲ ಅಲ್ಲಿಗೆ ಕರ್ಕೊಂಡು ಹೋಗೋ ಮಾತು ಮುಗೀತು.

ಬುಧವಾರ ಅಂತ ಕಳಿಸಿಬಿಡಬೇಕಿತ್ತು ಅಂತ ಒಂದೊಂದು ಸಲ ಈಗಲೂ ಅನ್ನಿಸುತ್ತೆ. ಆದರೆ ಆಮೇಲೆ ಅಪ್ಪನ ಮುಖ ನೋಡೋದು ಹೇಗಿತ್ತು ಅಂತಲೂ ಅನ್ನಿಸುತ್ತೆ. ನೀವಾಗಿದ್ರೆ ಏನ್ ಮಾಡ್ತಿದ್ರಿ?