ಮೋರೇರ ಬೆಟ್ಟದ ಕಲ್ಲುಮನೆಗಳು

ಅಮೆರಿಕೆಯಲ್ಲಿರುವ ನಮ್ಮ ಮಗ ಹೋದ ವರ್ಷ ಸೊಸೆಯೊಡನೆ ಯೂಟಾ ಪ್ರಾಂತದ ಮರುಭೂಮಿಗೆ ಕಾರಿನಲ್ಲಿ ಹೋಗಿ, ಹಾರ್ಸ್‌ಷೂ ಕಣಿವೆಯೆಂಬಲ್ಲಿ ಬಿಸಿಲಿನಲ್ಲಿ ಹಲವು ಗಂಟೆ ನಡೆದು, ಸಾವಿರಾರು ವರ್ಷಗಳ ಹಿಂದಿನವರು ಬಂಡೆಯ ಮೇಲೆ ಬರೆದ ಆಳೆತ್ತರದ ಕೆಂಪು ಚಿತ್ರಗಳನ್ನು ನೋಡಿ ಬಂದಿದ್ದ. ಅವುಗಳ ಛಾಯಾಚಿತ್ರಗಳನ್ನು ನಮಗೂ ಕಳುಹಿಸಿದ್ದ. ಹೇರೋಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಮ್ಮ ಯಜಮಾನರು ಅವನ್ನು ಬಹಳ ಹೊತ್ತು ನೋಡಿದರು. ಬಳಿಕ ಕನ್ನಡಕ ತೆಗೆದಿಟ್ಟು, "ಇಂಥವು ನಮ್ಮ ಗುಡ್ಡದಾಗೂ ಅದಾವ" ಎಂದರು.

ನನಗೆ ಆಶ್ಚರ್ಯವಾಯಿತು. ನಾನು ತಿಪಟೂರು ಕಡೆಯವಳು. ಅವರು ಗಂಗಾವತಿ ಸೀಮೆಯ ಒಂದು ಸಣ್ಣ ಹಳ್ಳಿಯವರು. ಮದುವೆಯಾಗಿ 41 ವರ್ಷಗಳಾದರೂ ಆ ಗುಡ್ಡದ ಸುದ್ದಿಯನ್ನು ಅವರು ಎತ್ತಿದ್ದಿಲ್ಲ. ಗುಡ್ಡದ ಸುದ್ದಿಯಿರಲಿ, ಈಚಿನ ಇಪ್ಪತ್ತೈದು ವರ್ಷಗಳಲ್ಲಿ ಊರಿನ ಸುದ್ದಿಯನ್ನೇ ಎತ್ತಿದವರಲ್ಲ. ಅದಕ್ಕೊಂದು ಕಾರಣವಿತ್ತು, ಆ ಕಾರಣದಲ್ಲಿ ನನ್ನ ಪಾಲೂ ಇತ್ತು. ಆದುದರಿಂದ "ಹಾಗಾದರೆ ಹೋಗಿ ನೋಡಿ ಬರೋಣ, ರೀ" ಎಂದು ನಾನು ಹೇಳಿದಾಗ ಅವರು ಕೂಡಲೇ ಒಪ್ಪಿದ್ದು ನನಗೆ ಸಂತೋಷದೊಡನೆ ಅಳುಕನ್ನೂ ತಂದಿತು.

ಮಾರ್ಗಶಿರದ ಒಂದು ನಸುಕಿನಲ್ಲಿ ಇಷ್ಟಲಿಂಗ ಪೂಜೆ ಮುಗಿಸಿ, ಚಪಾತಿ-ಪಲ್ಯ ಕಟ್ಟಿಕೊಂಡು ಹೊರಟೆವು. ಮಾಗಡಿ ರಸ್ತೆಯಿಂದ ನೈಸ್ ರಸ್ತೆ ಹತ್ತಿ, ಮಾದಾವರದ ಬಳಿ ತುಮಕೂರು ರಸ್ತೆ ಸೇರುವ ಹೊತ್ತಿಗೆ ಬೆಳಕು ಹರಿದಿತ್ತು. ಸಿದ್ಧಗಂಗೆಯಲ್ಲಿ ಇಳಿದು, 2019ರ ಜನವರಿ 21ರಂದು ಲಿಂಗೈಕ್ಯರಾದ ಪರಮಪೂಜ್ಯ ಡಾ. ಶಿವಕುಮಾರ ಸ್ವಾಮಿಗಳವರ ಗದ್ದುಗೆಯ ದರ್ಶನ ಪಡೆದೆವು. ನಾನು ನಮಸ್ಕರಿಸಿ ಎದ್ದರೂ ಯಜಮಾನರು ಏಳಲಿಲ್ಲ. ಹಣೆಯನ್ನು ನೆಲಕ್ಕೆ ಹಚ್ಚಿ ಹಾಗೆಯೇ ಇದ್ದರು. ಮೊಣಕಾಲು ಹಿಡಿದುಕೊಂಡಿತೇನೋ ಎಂದು ಕೈ ಕೊಡಲು ಹೋದೆ; ಬೇಡವೆಂದು ತಲೆಯಾಡಿಸಿದರು.

ಮುಂದೆ ಶಿರಾ, ಹಿರಿಯೂರು, ಚಿತ್ರದುರ್ಗ, ಹೊಸಪೇಟೆ. ದಾರಿಯ ಮಾತು ಹೆಚ್ಚು ಬೇಡ. ರಸ್ತೆ ಚೆನ್ನಾಗಿದೆ, ಬಿಸಿಲೂ ಚೆನ್ನಾಗಿದೆ. ಸಂಜೆಗೆ ಕೊಪ್ಪಳ ತಲುಪಿ ಗವಿಮಠದಲ್ಲಿ ಶ್ರೀ ಗವಿಸಿದ್ಧೇಶ್ವರನ ಗದ್ದುಗೆಗೆ ಶರಣುಮಾಡಿ ಪ್ರಸಾದ ಸ್ವೀಕರಿಸಿದೆವು. ಪ್ರತಿವರ್ಷ ಜನವರಿಯ ಜಾತ್ರೆಯಲ್ಲಿ ಇಲ್ಲಿ ನಡೆಯುವ ಮಹಾದಾಸೋಹದ ವಿಷಯ ವಾಚಕರಿಗೆ ತಿಳಿದದ್ದೇ. ಆದರೆ ಇದೇ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವೊಂದಿರುವುದು ಮಠಕ್ಕೆ ಹೋಗಿ ಬರುವ ಎಲ್ಲರಿಗೂ ಗೊತ್ತಿರಲಾರದು. ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಈ ಶಾಸನವೂ ಸಮೀಪದ ಪಾಲ್ಕಿಗುಂಡಿನ ಮತ್ತೊಂದು ಶಾಸನವೂ 1931ರಲ್ಲಿ ಬೆಳಕಿಗೆ ಬಂದವು.

ಮರುದಿನ ಬೆಳಗಿನ ಏಳು ಗಂಟೆಗೆ ಕೊಪ್ಪಳ-ಗಂಗಾವತಿ ರಸ್ತೆಯ ಹಿರೇಬೆಣಕಲ್ ಗ್ರಾಮದಲ್ಲಿದ್ದೆವು. ಊರಿನ ಹಿಂದೆಯೇ ಬೆಟ್ಟ. ಬೆಟ್ಟವೆಂದರೆ ನಮ್ಮ ಕಡೆಯ ಹಸುರು ಬೆಟ್ಟವಲ್ಲ. ಯಾರೋ ತಂದು ಸುರಿದು ಮರೆತಂತಿರುವ ಗುಂಡುಗಲ್ಲುಗಳ ರಾಶಿ. ನಡುನಡುವೆ ಮುಳ್ಳುಕಂಟಿ, ಒಣಹುಲ್ಲು. ಕುರಿ ಕಾಯುವ ಹುಡುಗನೊಬ್ಬ ದಾರಿ ತೋರಿಸಲು ಮುಂದಾದ. ಹೋಗಬಯಸುವವರಿಗೆ ಒಂದು ಮಾತು: ಮೇಲೆ ಅಂಗಡಿಯಿಲ್ಲ, ನೆರಳೂ ಕಡಿಮೆ; ಕುಡಿಯುವ ನೀರನ್ನು ಹೊತ್ತುಕೊಂಡೇ ಹತ್ತಬೇಕು. ಕರಡಿ-ಚಿರತೆಗಳು ಓಡಾಡುವ ಸೀಮೆಯಾದ್ದರಿಂದ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಹೊತ್ತಿರುವಾಗಲೇ ಇಳಿದುಬಿಡಬೇಕು.

ನಾನು ಐದು ಕಡೆ ಕುಳಿತು ಸುಧಾರಿಸಿಕೊಂಡೆ. ಬೆಂಗಳೂರಿನಲ್ಲಿ ನಮ್ಮ ಮನೆಯ ಮೆಟ್ಟಿಲಿಗೇ ಗೊಣಗುವ ಯಜಮಾನರು ಇಲ್ಲಿ ಹುಡುಗನಿಗಿಂತ ಮುಂದೆ ಹೋಗುತ್ತಿದ್ದರು. ಯಾವ ಕಲ್ಲಿನ ಮೇಲೆ ಕಾಲಿಡಬೇಕೆಂಬುದು ಅವರ ಕಾಲುಗಳಿಗೆ ಮರೆತೇ ಇರಲಿಲ್ಲ. ದನ ಕಾಯುವ ವಯಸ್ಸಿನಲ್ಲಿ, ಹತ್ತಿರದ ಊರುಗಳ ಹುಡುಗರೊಡನೆ ಈ ಬೆಟ್ಟವನ್ನೆಲ್ಲ ಅಲೆದಿದ್ದರಂತೆ.

ಮೊದಲ ಚಿತ್ರಗಳು ದಾರಿಯ ಒಂದು ಕಲ್ಲಾಸರೆಯಲ್ಲಿ ಸಿಕ್ಕವು. ಕಲ್ಲಾಸರೆಯೆಂದರೆ ಗುಹೆಯಲ್ಲ; ಹೆಬ್ಬಂಡೆಯೊಂದು ಮುಂದಕ್ಕೆ ಚಾಚಿಕೊಂಡು, ಕೆಳಗೆ ನಾಲ್ಕು ಜನ ಮಳೆಗೆ ನಿಲ್ಲಬಹುದಾದ ಜಾಗ. ಅಲ್ಲಿಯ ಗೋಡೆಯಲ್ಲಿ ಮೊದಲು ನನಗೇನೂ ಕಾಣಲಿಲ್ಲ. ಕಣ್ಣು ನೆರಳಿಗೆ ಹೊಂದಿಕೊಂಡ ಮೇಲೆ ಒಂದೊಂದಾಗಿ ಮೂಡತೊಡಗಿದವು: ಎತ್ತು, ಕೊಂಬಿನ ಜಿಂಕೆ, ನವಿಲು, ಕುದುರೆ, ಆಯುಧ ಹಿಡಿದವರು, ಸಾಲಾಗಿ ನಿಂತು ಕುಣಿಯುವವರು. ಇನ್ನು ಕೆಲವು ಏನೆಂದು ತಿಳಿಯದ ಬಳ್ಳಿ-ಸುತ್ತುಗಳು. ಎಲ್ಲವೂ ಜಾಜಿನ ಕೆಂಪಿನಲ್ಲಿ. ಕಬ್ಬಿಣದ ಅಂಶವಿರುವ ಕೆಮ್ಮಣ್ಣು ಅದು. ಆ ಕಾರಣದಿಂದಲೇ ಮಳೆ-ಬಿಸಿಲು ನೇರವಾಗಿ ಬೀಳದ ಕಡೆ ಇಷ್ಟು ಕಾಲ ನಿಂತಿದೆ. ಹಬ್ಬಕ್ಕೆ ಹಟ್ಟಿಯ ಗೋಡೆಗೆ ಸುಣ್ಣ-ಜಾಜು ಬಳಿದು, ಅತ್ತೆಯವರು ಬೆರಳಿನಿಂದಲೇ ಎತ್ತು-ಬಂಡಿ ಬರೆಯುತ್ತಿದ್ದುದನ್ನು ಹೊಸ ಸೊಸೆಯಾಗಿ ನಾನು ನೋಡಿದ್ದೆ. ಇಲ್ಲಿಯ ಎತ್ತಿನ ಬೆನ್ನಿನ ಗೆರೆ ಥೇಟ್ ಅದೇ!

ಇಂಥ ಚಿತ್ರಗಳಿರುವ ಹನ್ನೊಂದು ಕಲ್ಲಾಸರೆಗಳು ಈ ಬೆಟ್ಟದಲ್ಲಿವೆಯೆಂದು ತಿಳಿದವರು ಹೇಳುತ್ತಾರೆ. ನಾವು ನೋಡಿದ್ದು ಮೂರು. ಮೂರನೆಯದರಲ್ಲಿ, ಕುಣಿಯುವವರ ಸಾಲಿನ ಪಕ್ಕದಲ್ಲಿಯೇ, ಯಾರೋ ಪುಣ್ಯಾತ್ಮರು ಬಿಳಿಯ ಬಣ್ಣದಲ್ಲಿ ತಮ್ಮ ಹೆಸರನ್ನೂ ಇನ್ನೊಬ್ಬಳ ಹೆಸರನ್ನೂ ಬರೆದಿದ್ದಾರೆ. ಎರಡೂ ಹೆಸರುಗಳು ಈಗಲೇ ಉದುರತೊಡಗಿವೆ.

ಮೇಲೆ ಹತ್ತಿದಾಗ ಬಯಲು ತೆರೆದುಕೊಂಡಿತು, ಕಲ್ಲುಮನೆಗಳು ಕಂಡವು. ನಾವು ಬಂದದ್ದು ಚಿತ್ರಗಳಿಗಾಗಿ; ನಿಂತುಬಿಟ್ಟದ್ದು ಇಲ್ಲಿ. ಮೂರು-ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿದ ಮನೆಗಳು. ಗಾರೆಯಿಲ್ಲ, ಸುಣ್ಣವಿಲ್ಲ, ಭಾರದಿಂದಲೇ ನಿಂತಿವೆ. ಕೆಲವು ಮೊಣಕಾಲೆತ್ತರ, ಕೆಲವು ನಮಗಿಂತ ಎತ್ತರ. ಹಲವುಗಳ ಮುಂಗಲ್ಲಿನಲ್ಲಿ ದುಂಡನೆಯ ಕಂಡಿ ಕೊರೆದಿದೆ. ಚಿಕ್ಕವು-ದೊಡ್ಡವು ಸೇರಿ ಸುಮಾರು 400 ಸ್ಮಾರಕಗಳು ಇಲ್ಲಿವೆ, ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನ ಕಬ್ಬಿಣ ಯುಗದ ಜನ ತಮ್ಮವರ ಮರಣಾನಂತರ ಕಟ್ಟಿದವು. ಬಿಸಿಲು-ಚಳಿಗಳಿಗೆ ಈ ಬೆಟ್ಟದ ಬಂಡೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಆ ಪದರಗಳನ್ನೇ ಎಬ್ಬಿಸಿ ಚಪ್ಪಡಿ ಮಾಡಿದ್ದಾರೆ. ಪಕ್ಕದಲ್ಲಿಯೇ ಕಲ್ಲು ತೆಗೆದ ಜಾಗ, ನೀರು ನಿಂತ ಹೊಂಡ. ಇನ್ನೊಂದು ಎತ್ತರದ ಬಂಡೆಯ ಮೇಲೆ ನಗಾರಿ ಗುಂಡು ಎಂಬ ಅರ್ಧಗೋಳದ ಕಲ್ಲಿದೆ. ಕೊಡತಿಯಿಂದ ಬಡಿದರೆ ನಾದ ದೂರದವರೆಗೆ ಕೇಳುವುದಂತೆ. ಹತ್ತುವ ಧೈರ್ಯ ನನಗಾಗಲಿಲ್ಲ. ಧಾರವಾಡದ ಡಾ. ಅ. ಸುಂದರ ಅವರು ಇಂಥ ಶಿಲಾಗೋರಿಗಳನ್ನು ಅಧ್ಯಯನ ಮಾಡಿ 1975ರಲ್ಲಿಯೇ ಗ್ರಂಥ ಪ್ರಕಟಿಸಿದ್ದರು. 2021ರಲ್ಲಿ ಈ ನೆಲೆ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

"ಮೋರೇರು ಅಂದ್ರ ಮೂರಡಿ ಮಂದಿ" ಎಂದು ಯಜಮಾನರು ತಮ್ಮ ಅಜ್ಜಿ ಹೇಳುತ್ತಿದ್ದ ಕಥೆ ತೆಗೆದರು. "ಬೆಂಕಿ ಮಳಿ ಬರತೈತಿ ಅಂತ ಈ ಮನಿ ಕಟಗೊಂಡ್ರಂತ. ಮಳಿ ಬಂತಂತ, ಎಲ್ಲಾರೂ ಒಳಗ ಸುಟ್ಟು ಹೋದ್ರಂತ." ಹೀಗೆಂದು ಒಂದು ದೊಡ್ಡ ಕಲ್ಲುಮನೆಯ ನೆರಳಿನಲ್ಲಿ ಕುಳಿತರು. ನಾನೂ ಕುಳಿತೆ. ನಿಧಿಯ ಆಸೆಗೆ ಯಾರೋ ಅದರ ಒಂದು ಗೋಡೆಯನ್ನು ಕೆಡವಿದ್ದರು. ಅವರು ಬಹಳ ಹೊತ್ತು ಆ ಬಿದ್ದ ಚಪ್ಪಡಿಯನ್ನು ನೋಡುತ್ತಿದ್ದು, ಆಮೇಲೆ ನನ್ನ ಕಡೆ ತಿರುಗದೆ, "ನಾನೂ ಮಾರಿ ಬಂದಾಂವನ" ಎಂದರು.

ಇನ್ನು ನನ್ನ ಪಾಲಿನ ಮಾತನ್ನು ಹೇಳಬೇಕು. 1989ರಲ್ಲಿ ಪೂಜ್ಯ ಮಾವನವರು ಲಿಂಗೈಕ್ಯರಾದರು. ನಮ್ಮ ಸಂಪ್ರದಾಯದಂತೆ ಅವರನ್ನು ಹೊಲದ ಬೇವಿನ ಮರದ ಬದಿಯಲ್ಲಿ, ಕುಳಿಯ ಒಂದು ಮಗ್ಗುಲಿಗೆ ಗೂಡು ತೆಗೆದು, ಪದ್ಮಾಸನದಲ್ಲಿ ಕೂಡಿಸಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ-ಬಿಲ್ವಪತ್ರೆಗಳೊಡನೆ ಕ್ರಿಯಾಸಮಾಧಿ ಮಾಡಿದರು. 1998ರಲ್ಲಿ ನಾವು ಹೇರೋಹಳ್ಳಿಯಲ್ಲಿ 30 ಅಡಿ 40 ಅಡಿಯ ನಿವೇಶನಕ್ಕೆ ಮುಂಗಡ ಕೊಟ್ಟೆವು. ಉಳಿದ ಹಣಕ್ಕೆ ದಾರಿಯಿರಲಿಲ್ಲ. ಪಾಲಿಗೆ ಬಂದಿದ್ದ ಎರಡೆಕರೆ ಬೆದ್ದಲು ಇತ್ತು, ಸಮಾಧಿಯಿದ್ದ ಅದೇ ಹೊಲ. ಯಜಮಾನರು ಹಿಂದೆಮುಂದೆ ನೋಡಿದರು. ಆಗ ನಾನು, "ದೇಹ ಮಣ್ಣಿಗೆ ಸಂದ ಮೇಲೆ ಅಲ್ಲಿರುವುದು ಬರಿಯ ಕಲ್ಲು. ಸ್ಥಾವರಕ್ಕೆ ಜೋತುಬೀಳಬಾರದೆಂದು ಬಸವಣ್ಣನವರು ತಿಳಿಸಿಲ್ಲವೇ?" ಎಂದೆ. ಮಾತು ತಪ್ಪಲ್ಲ. ಆದರೆ ನಾನದನ್ನು ಆಡಿದ್ದು ಶರಣರ ಮೇಲಿನ ಶ್ರದ್ಧೆಯಿಂದಲ್ಲ. ನಿವೇಶನದ ಎರಡನೆಯ ಕಂತಿಗಾಗಿ. ಕ್ರಯಪತ್ರದಲ್ಲಿ ಚಕ್ಕುಬಂದಿ ಇತ್ತು, ಬೇವಿನ ಮರವಿತ್ತು, ಸಮಾಧಿಯ ಹೆಸರಿರಲಿಲ್ಲ. ಸಹಿ ಮಾಡಿ ಬಂದವರು ಆ ವಿಷಯದಲ್ಲಿ ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಊರಿನ ಹೆಸರೆತ್ತುವುದನ್ನು ಮಾತ್ರ ಬಿಟ್ಟರು.

ಆ ಮಧ್ಯಾಹ್ನ ತಿಳಿದ ಇನ್ನೊಂದು ಸಂಗತಿ: 2006ರಲ್ಲಿ ದಾಯಾದಿಗಳ ಮದುವೆಗೆಂದು ಒಬ್ಬರೇ ಊರಿಗೆ ಹೋಗಿದ್ದಾಗ ಅವರು ಆ ಹೊಲದ ಬದುವಿನವರೆಗೆ ಹೋಗಿದ್ದರಂತೆ. ಬೇರೆ ಯಾರೋ ಕುಂಟೆ ಹೊಡೆಯುತ್ತಿದ್ದುದನ್ನು ಕಂಡು, ಅಪ್ಪನನ್ನು ನೋಡಲು ಪರರ ಅಪ್ಪಣೆ ಕೇಳುವುದು ಹೇಗೆಂದು ಹಿಂದಿರುಗಿದರಂತೆ. ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ಈ ಮಾತು ಅವರಲ್ಲಿಯೇ ಉಳಿದಿತ್ತು.

"ಏಳಿ, ಈಗಲೇ ಹೋಗೋಣ. ಅಪ್ಪಣೆಯನ್ನು ನಾನು ಕೇಳುತ್ತೇನೆ" ಎಂದೆ.

ಇಳಿಯುವಾಗ ನನ್ನ ಕಾಲುಗಳು ನಡುಗುತ್ತಿದ್ದವು, ಬೆಟ್ಟದಿಂದ ಮಾತ್ರವಲ್ಲ. ಕಾಲುವೆಯ ನೀರು ಹರಿದ ಕಡೆಯೆಲ್ಲ ಭತ್ತದ ಗದ್ದೆಗಳು. ಅವನ್ನು ದಾಟಿ ಬೆದ್ದಲು ಸೀಮೆಗೆ ಬಂದು, ಕಾರನ್ನು ರಸ್ತೆಯಲ್ಲಿ ಬಿಟ್ಟು, ಬಂಡಿದಾರಿಯಲ್ಲಿ ನಡೆದೆವು. ಬೇವಿನ ಮರವಿರಲಿಲ್ಲ. ಯಜಮಾನರ ಮುಖ ಬಿಳಿಚಿತು. ಆದರೆ ತೊಗರಿಯ ಸಾಲುಗಳು ಹೊಲದ ನಡುವೆ ಒಂದೆಡೆ ಬಾಗಿದ್ದವು. ನೇರವಾಗಿ ಬಂದ ಸಾಲು ಅಲ್ಲಿ ಸುತ್ತು ಹಾಕಿ, ಆಚೆಗೆ ಮತ್ತೆ ನೇರವಾಗುತ್ತಿತ್ತು. ಸಮೀಪ ಹೋಗಿ ನೋಡಿದರೆ, ಎರಡಾಳಿನಷ್ಟು ಅಗಲದ ಉಳದ ಜಾಗ. ನಡುವೆ ಸುಣ್ಣ-ಜಾಜು ಬಳಿದ ಕಲ್ಲು.

ಹೊಲ ಕೊಂಡವರ ಸೊಸೆ ಅಲ್ಲಿಯೇ ಕಳೆ ತೆಗೆಯುತ್ತಿದ್ದವಳು ಕುಡುಗೋಲು ಬಿಟ್ಟು ಬಂದಳು. ನಾನು ಯಾರೆಂದು ಹೇಳಿ ಅಪ್ಪಣೆ ಕೇಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ, "ಬರ್ರಿ ಯಕ್ಕಾ, ನೆಳ್ಳಿಗೆ ಕುಂದರ್ರಿ" ಎಂದು ನೀರಿನ ತಂಬಿಗೆ ತಂದಳು. ಬೇವು ಸಿಡಿಲಿಗೆ ಹೋಯಿತಂತೆ. ಹೊಲ ಕೊಂಡ ವರ್ಷ ಅವಳ ಮಾವ, ಇಲ್ಲಿ ಅಜ್ಜಾರು ಕುಂತಾರ, ನೇಗಿಲು ಹಾಯಬಾರದು ಎಂದು ಹೇಳಿದ್ದರಂತೆ. ಈಗ ಟ್ರ್ಯಾಕ್ಟರ್ ಬಂದರೂ ಸುತ್ತಿಕೊಂಡೇ ಹೋಗುತ್ತದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಮೊದಲ ತುತ್ತು ಇಲ್ಲಿಗೆ.

ಯಜಮಾನರು ಚಪ್ಪಲಿ ಬಿಟ್ಟು ಹೋಗಿ ಕಲ್ಲಿಗೆ ವಿಭೂತಿ ಧರಿಸಿದರು. ಸಿದ್ಧಗಂಗೆಯಲ್ಲಿ ಕುಳಿತಂತೆಯೇ ಹಣೆ ಹಚ್ಚಿ ಕುಳಿತರು. ನಾನು ಹಿಂದೆ ನಿಂತು, ಮಾವನವರಲ್ಲಿ ಕೇಳಬೇಕಾದುದನ್ನು ಮನಸ್ಸಿನಲ್ಲಿಯೇ ಕೇಳಿಕೊಂಡೆ.

ಹೊರಡುವಾಗ ಆ ಹೆಣ್ಣುಮಗಳು, "ಅಜ್ಜಾರ ಹೆಸರೇನ್ರಿ? ಇಷ್ಟ ವರ್ಷ ಬರೇ ಅಜ್ಜಾರು ಅಂತಾನ ಕರದೇವಿ" ಎಂದು ಕೇಳಿದಳು. ಯಜಮಾನರು ಹೇಳಿದರು. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡು ಸಲ ಆ ಹೆಸರನ್ನು ಮೆಲ್ಲಗೆ ಅಂದುಕೊಂಡಳು. ಮತ್ತೆ ನಮ್ಮ ಕಡೆ ನೋಡಿ, "ಎಳ್ಳಮಾಸಿಗೆ ಬರ್ರಿ" ಎಂದಳು.