ತೋಟೆ ತೆಗೆಯುವ ಹೊತ್ತು

ಪೆನ್ಸಿಲ್ವೇನಿಯದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಎರಡು ಫೋಟೊ ಕಳಿಸಿ, 'ಅಣ್ಣಾ, ಜಿಂಕೆ ಬೇಟೆಗೆ ಯಾವುದು ತಗೊಳ್ಳಲಿ?' ಎಂದ. ಎರಡೂ 1970ರ ದಶಕದ ಬೋಲ್ಟ್ ಆ್ಯಕ್ಷನ್ ರೈಫಲ್: ರೆಮಿಂಗ್ಟನ್ 700, ವಿಂಚೆಸ್ಟರ್ ಮಾಡೆಲ್ 70. ಅಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡಬಹುದು. ನಮ್ಮ ಕೊಡಗಿನಲ್ಲಿ ಕೋವಿ ಇದ್ದರೂ ಜಿಂಕೆ ಹೊಡೆದರೆ ಕೇಸು.

ಗುರಿಯ ಮಾತು ನಾವು ಎತ್ತಲಿಲ್ಲ, ಎರಡೂ ಚೆನ್ನಾಗಿಯೇ ಹೊಡೆಯುತ್ತವೆ. ತೋಟೆ ತೆಗೆಯುವುದು ಹೇಗೆ ನೋಡು ಎಂದೆವು. 1982ಕ್ಕಿಂತ ಹಿಂದಿನ ರೆಮಿಂಗ್ಟನ್ 700ರಲ್ಲಿ ಬೋಲ್ಟ್ ಎಳೆಯಲು ಸೇಫ್ಟಿ ತೆಗೆಯಲೇಬೇಕು. ವಿಂಚೆಸ್ಟರಿನ ಸೇಫ್ಟಿಗೆ ಮೂರು ಹಂತ. ನಡುವಿನ ಹಂತದಲ್ಲಿಟ್ಟರೆ ಬೋಲ್ಟ್ ತೆರೆಯುತ್ತದೆ, ಗುಂಡು ಹಾರುವುದಿಲ್ಲ.

ನಮ್ಮ ದೊಡ್ಡಪ್ಪ ಕಾಲ್ಬೆರಳು ಕಳೆದುಕೊಂಡದ್ದು ಕಾಡಿನಲ್ಲಲ್ಲ, ಮನೆ ಜಗಲಿಯಲ್ಲಿ, ಕೋವಿ ಖಾಲಿ ಮಾಡುವಾಗ.

'ವಿಂಚೆಸ್ಟರ್ ನೂರು ಡಾಲರ್ ಜಾಸ್ತಿ ಅಣ್ಣಾ' ಎಂದ. ಇರಲಿ, ಅದನ್ನೇ ತಗೋ ಎಂದೆವು. ಇನ್ನೂ ಯೋಚಿಸುತ್ತಿದ್ದಾನೆ.